ಬನಹಟ್ಟಿಯ ಓಣಿ, ಒಂದು ಟವರ್, ಇಪ್ಪತ್ತು ಪ್ರಶ್ನೆಗಳು

ಬಾಗಲಕೋಟೆಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವುದು ನನ್ನ ಕೆಲಸ. ಒಂದು ಬೇಸಿಗೆಯ ಮಧ್ಯಾಹ್ನ, ಸಮುದಾಯ ವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ಹುಡುಗಿಯೊಬ್ಬಳು ಬಂದು ನನ್ನ ಮೇಜಿನ ಮೇಲೆ ದಪ್ಪ ಫೈಲೊಂದನ್ನು ಇಟ್ಟಳು. ಅವಳು ತೇರದಾಳದ ಕಡೆಯವಳು. ಅವಳ ಸೋದರತ್ತೆಯ ಮನೆ ಬನಹಟ್ಟಿಯ ನೇಕಾರರ ಓಣಿಯಲ್ಲಿದೆ. ಆ ಓಣಿಯ ಒಂದು ಮೂರಂತಸ್ತಿನ ಕಟ್ಟಡದ ಮೇಲೆ ಮೊಬೈಲ್ ಟವರ್ ನಿಂತಿದೆ. ಟವರ್ ಬಂದ ಮೇಲೆ ತಲೆನೋವು, ನಿದ್ರೆ ಇಲ್ಲ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಎಂದು ಓಣಿಯವರು ದೂರುತ್ತಿದ್ದರು. ಹುಡುಗಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದ್ದಳು. ಟವರಿಗೆ ಹತ್ತಿರದ ಮನೆಗಳಲ್ಲಿ ತೊಂದರೆ ಹೆಚ್ಚು, ದೂರದ ಮನೆಗಳಲ್ಲಿ ಕಡಿಮೆ ಎಂದು ಅವಳ ಕೋಷ್ಟಕಗಳು ಹೇಳುತ್ತಿದ್ದವು. ಓಣಿಯ ಹಿರಿಯರು ಅದನ್ನು ಅಧಿಕಾರಿಗಳಿಗೆ ಕೊಡುವ ಮನವಿಗೆ ಲಗತ್ತಿಸಲು ಕಾದಿದ್ದರು. ಲೆಕ್ಕಾಚಾರ ಸರಿಯಿದೆ ಎಂಬ ಒಂದು ಸಾಲು ಮತ್ತು ಸಹಿ, ಇಷ್ಟೇ ಅವಳಿಗೆ ನನ್ನಿಂದ ಬೇಕಾಗಿದ್ದದ್ದು.

ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೂ ನಾನು ಸಹಿ ಹಾಕಲಿಲ್ಲ. ಏಕೆ ಹಾಕಲಿಲ್ಲ, ಆಮೇಲೆ ನಾವಿಬ್ಬರೂ ಏನು ಮಾಡಿದೆವು ಎಂಬುದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇಂಥ ಫೈಲುಗಳು ಬೇರೆ ಊರುಗಳಲ್ಲಿಯೂ ತಯಾರಾಗುತ್ತಿವೆ, ಅವುಗಳ ಹಿಂದೆ ನಿಜವಾಗಿ ನೋಯುತ್ತಿರುವ ಜನರಿದ್ದಾರೆ. ಓಣಿಯವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ನಮೂನೆಯ ಮೊದಲ ಸಾಲು

ಫೈಲಿನಲ್ಲಿದ್ದ ಖಾಲಿ ನಮೂನೆಯೊಂದನ್ನು ತೆಗೆದುಕೊಂಡು ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಮೊಬೈಲ್ ಟವರಿನ ದುಷ್ಪರಿಣಾಮಗಳ ಸಮೀಕ್ಷೆ’ ಎಂದಿತ್ತು. ಮೊದಲ ಪ್ರಶ್ನೆ: ‘ಟವರ್ ಬಂದ ಮೇಲೆ ನಿಮಗೆ ತಲೆನೋವು ಹೆಚ್ಚಾಗಿದೆಯೇ?’ ಅದರ ಕೆಳಗೆ ನಿದ್ರೆ, ಸುಸ್ತು, ಮರೆವು, ಎದೆಬಡಿತ, ಕೂದಲು ಉದುರುವುದು, ಚರ್ಮದ ತುರಿಕೆ, ಹೀಗೆ ಒಟ್ಟು ಇಪ್ಪತ್ತು ಪ್ರಶ್ನೆಗಳು. ಪ್ರತಿಯೊಂದಕ್ಕೂ ‘ಹೌದು’ ಮತ್ತು ‘ಇಲ್ಲ’ ಎಂಬ ಎರಡು ಚೌಕ.

ಈ ಶೀರ್ಷಿಕೆಯನ್ನು ಓದಿದ ಮನೆಯವರಿಗೆ ಯಾವ ಉತ್ತರ ನಿರೀಕ್ಷಿತ ಎಂಬುದು ಕೇಳುವ ಮೊದಲೇ ಗೊತ್ತಾಗಿಬಿಡುತ್ತದೆ. ಟವರಿನ ಪಕ್ಕದವರು ಮನವಿಗೆ ಆಗಲೇ ಸಹಿ ಹಾಕಿದ್ದವರು. ಅವರು ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ತಲೆನೋವು ಎಲ್ಲರಿಗೂ ಆಗಾಗ ಬರುತ್ತದೆ, ಬಂದು ಮರೆತುಹೋಗುತ್ತದೆ. ಆದರೆ ಕಾರಣವೊಂದು ಕಣ್ಣೆದುರು ನಿಂತಿದ್ದಾಗ ಪ್ರತಿ ತಲೆನೋವೂ ನೆನಪಿನಲ್ಲಿ ಉಳಿಯುತ್ತದೆ. ಎರಡು ಓಣಿ ಆಚೆಯವರಿಗೆ ಅಂಥ ಕಾರಣವಿಲ್ಲ, ಅವರು ಮರೆತಿರುತ್ತಾರೆ. ಎರಡೂ ಕಡೆ ನೋವು ಒಂದೇ ಪ್ರಮಾಣದಲ್ಲಿದ್ದರೂ ಕೋಷ್ಟಕದಲ್ಲಿ ವ್ಯತ್ಯಾಸ ಮೂಡುತ್ತದೆ.

ಇಪ್ಪತ್ತು ಪ್ರಶ್ನೆಗಳದ್ದು ಇನ್ನೊಂದು ತೊಡಕು. ಕಾಕತಾಳೀಯವಾಗಿ ನೂರಕ್ಕೆ ಐದು ಸಲ ಕಾಣಿಸಿಕೊಳ್ಳಬಹುದಾದ ವ್ಯತ್ಯಾಸವನ್ನು ನಾವು ರೂಢಿಯಲ್ಲಿ ‘ಗಣನೀಯ’ ಎನ್ನುತ್ತೇವೆ. ಟವರಿನಿಂದ ಏನೂ ಆಗುತ್ತಿಲ್ಲ ಎಂದೇ ಇಟ್ಟುಕೊಳ್ಳೋಣ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ತೊಂದರೆಗಳನ್ನು ಈ ಅಳತೆಗೋಲಿನಿಂದ ಪರೀಕ್ಷಿಸಿದರೆ ಕನಿಷ್ಠ ಒಂದಾದರೂ ‘ಗಣನೀಯ’ ಎಂದು ಹೊರಬೀಳುವ ಸಂಭವ ಸುಮಾರು 64 ಪ್ರತಿಶತ. ಹುಡುಗಿಯ ವರದಿಯಲ್ಲಿ ಕೊನೆಗೆ ಉಳಿದಿದ್ದದ್ದು ವ್ಯತ್ಯಾಸ ಕಂಡ ತೊಂದರೆಗಳು ಮಾತ್ರ. ಕಾಣದವುಗಳ ಹೆಸರನ್ನೂ ಅವಳು ಬರೆದಿರಲಿಲ್ಲ.

“ಅವುಗಳಲ್ಲಿ ಏನೂ ಸಿಗಲಿಲ್ಲವಲ್ಲ ಸರ್, ಅದಕ್ಕೇ ಬಿಟ್ಟೆ” ಎಂದಳು. ಅವಳ ದನಿಯಲ್ಲಿ ಕಪಟವಿರಲಿಲ್ಲ. ಏನೂ ಸಿಗದಿರುವುದೂ ಒಂದು ಫಲಿತಾಂಶ ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ. ಅದು ಕಲಿಸಬೇಕಾದ ನಮ್ಮ ತಪ್ಪು.

ಓಣಿಗೆ ಹೋದ ದಿನ

ಮುಂದಿನ ಭಾನುವಾರ ಇಬ್ಬರೂ ಬನಹಟ್ಟಿಗೆ ಹೋದೆವು. ಬಸ್ಸಿನಿಂದ ಇಳಿದು ಓಣಿಯ ತಿರುವಿಗೆ ಬರುವಷ್ಟರಲ್ಲಿ ಮಗ್ಗಗಳ ಸದ್ದು ಎದುರಾಯಿತು. ರಬಕವಿ-ಬನಹಟ್ಟಿ ಪವರ್‌ಲೂಮ್‌ಗಳ ಊರು. ಅಲ್ಲಿ ಮನೆಯ ಮುಂಭಾಗದಲ್ಲಿ ಮಗ್ಗ, ಹಿಂಭಾಗದಲ್ಲಿ ಸಂಸಾರ. ಲಾಳಿ ಆ ತುದಿಯಿಂದ ಈ ತುದಿಗೆ ಬಡಿದುಕೊಳ್ಳುವ ಸದ್ದಿನಲ್ಲಿ ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿ ಒಯ್ಯಬೇಕು. ಪವರ್‌ಲೂಮ್ ಶೆಡ್ಡುಗಳಲ್ಲಿ 90 ಡೆಸಿಬಲ್ ದಾಟುವುದು ಸಾಮಾನ್ಯ. ದಿನವೂ ಎಂಟು ಗಂಟೆ ಅಂಥ ಸದ್ದಿನಲ್ಲಿ ಕೆಲಸ ಮಾಡಿದವರಿಗೆ ಕಿವಿ ಮಂದವಾಗುವುದು, ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದುಬಿಡುವುದು, ತಲೆನೋವು ಬರುವುದು ಹೊಸ ಸಂಗತಿಯೇನಲ್ಲ.

ನಾನು ನಡೆಯುತ್ತಾ ಮಗ್ಗವಿರುವ ಮನೆಗಳನ್ನು ಎಣಿಸತೊಡಗಿದೆ. ಟವರಿನ ಸುತ್ತಲಿನ ಓಣಿಗಳಲ್ಲಿ ಮಗ್ಗವಿಲ್ಲದ ಮನೆ ಹುಡುಕಬೇಕಾಯಿತು. ‘ದೂರದ ಮನೆಗಳು’ ಎಂದು ಹುಡುಗಿ ಆರಿಸಿಕೊಂಡಿದ್ದದ್ದು ಹೊಸ ಬಡಾವಣೆ. ಅಲ್ಲಿ ನೌಕರರು, ಶಿಕ್ಷಕರು, ಅಂಗಡಿಕಾರರು. ಮಗ್ಗದ ಸದ್ದೇ ಇಲ್ಲ. ಹಾಗಾದರೆ ಅವಳ ಕೋಷ್ಟಕದ ವ್ಯತ್ಯಾಸ ಟವರಿನದೋ, ಮಗ್ಗದ್ದೋ? ಆ ಕೋಷ್ಟಕದಿಂದ ಇದನ್ನು ಬೇರ್ಪಡಿಸಲು ಯಾವ ದಾರಿಯೂ ಇರಲಿಲ್ಲ, ಏಕೆಂದರೆ ಮನೆಯಲ್ಲಿ ಮಗ್ಗವಿದೆಯೇ ಎಂಬ ಪ್ರಶ್ನೆಯೇ ನಮೂನೆಯಲ್ಲಿ ಇರಲಿಲ್ಲ. ಟವರ್ ಅಲ್ಲಿಗೆ ಬಂದದ್ದೂ ಆಕಸ್ಮಿಕವಲ್ಲ. ಜನ ಒತ್ತಾಗಿದ್ದು ಕರೆಗಳು ಹೆಚ್ಚಿರುವ ಕಡೆಯೇ ಕಂಪನಿಗಳು ಟವರ್ ಹಾಕುತ್ತವೆ. ಒತ್ತಾದ ಓಣಿ ಎಂದರೆ ಸದ್ದು, ಧೂಳು, ರಾತ್ರಿ ಪಾಳಿ, ಸಾಲ ಎಲ್ಲವೂ ಒತ್ತಾಗಿರುವ ಓಣಿ.

ಹುಡುಗಿಯ ಅತ್ತೆಯ ಮನೆಯಲ್ಲಿ ಚಹಾ ಕುಡಿದು ಅಳತೆಗೆ ಇಳಿದೆವು. ಅವಳು ಅಂತರ್ಜಾಲದಲ್ಲಿ ತರಿಸಿದ್ದ ಒಂದು ಸಣ್ಣ ಮೀಟರ್ ತಂದಿದ್ದಳು. ಅಂಗೈಯಗಲದ ಯಂತ್ರ, ತಲೆಯಲ್ಲಿ ಹಸಿರು-ಹಳದಿ-ಕೆಂಪು ದೀಪಗಳು. ಮಾಳಿಗೆಯ ಮೇಲೆ ನಿಂತು ಅದನ್ನು ಟವರಿನ ಕಡೆ ಹಿಡಿದಳು. ಅಂಕಿ ನೂರುಗಳಲ್ಲಿ ಆಡುತ್ತಿತ್ತು. “ಕೈಯನ್ನು ಹಾಗೇ ಇಟ್ಟು ಮೀಟರನ್ನು ಮಾತ್ರ ಅಡ್ಡ ತಿರುಗಿಸು” ಎಂದೆ. ಅಂಕಿ ಅರ್ಧಕ್ಕೆ ಇಳಿಯಿತು. ಟವರ್ ಇದ್ದಲ್ಲೇ ಇತ್ತು, ಅವಳೂ ನಿಂತಲ್ಲೇ ಇದ್ದಳು. ಯಂತ್ರದೊಳಗಿನ ಆಂಟೆನಾ ಒಂದೇ ದಿಕ್ಕಿನದು, ಹಿಡಿದ ಕೋನಕ್ಕೆ ತಕ್ಕಂತೆ ಓದುತ್ತದೆ. ಅಷ್ಟರಲ್ಲಿ ಅವಳ ಏಪ್ರನ್ ಜೇಬಿನಲ್ಲಿದ್ದ ಮೊಬೈಲ್ ರಿಂಗಣಿಸಿತು. ಅಂಕಿ ಒಮ್ಮೆಲೇ ಸಾವಿರಗಳಿಗೆ ಜಿಗಿದು ಕೆಂಪು ದೀಪ ಹತ್ತಿಕೊಂಡಿತು. ಅವಳು ಫೋನ್ ಹೊರತೆಗೆದು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಟವರನ್ನು ನೋಡಿದಳು. ಸಮೀಕ್ಷೆಯ ದಿನಗಳಲ್ಲಿ ಅವಳ ಫೋನ್ ಎಲ್ಲಿತ್ತು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಮೀಟರಿನ ಅಂಕಿ ಯಾವ ಮಾನದಲ್ಲಿದೆ ಎಂಬುದೂ ಮುಖ್ಯ. ಅದು ಚದರ ಮೀಟರಿಗೆ ಮೈಕ್ರೋವ್ಯಾಟ್‌ಗಳಲ್ಲಿ ತೋರಿಸುತ್ತಿತ್ತು, ಅಂದರೆ ವ್ಯಾಟಿನ ಹತ್ತು ಲಕ್ಷದ ಒಂದು ಭಾಗ. ವಿಕಿರಣದಿಂದ ರಕ್ಷಣೆಗೆಂದು ಇರುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ 1998ರಲ್ಲಿ 900 ಮೆಗಾಹರ್ಟ್ಸ್ ತರಂಗಕ್ಕೆ ಸಾರ್ವಜನಿಕರಿಗೆಂದು ಸೂಚಿಸಿದ ಮಿತಿ ಚದರ ಮೀಟರಿಗೆ 4.5 ವ್ಯಾಟ್. ಭಾರತ ಸರ್ಕಾರ 2012ರಲ್ಲಿ ಅದನ್ನು ಹತ್ತನೇ ಒಂದು ಭಾಗಕ್ಕೆ, 0.45 ವ್ಯಾಟ್‌ಗೆ ಇಳಿಸಿತು. ಮೀಟರಿನ ಭಾಷೆಯಲ್ಲಿ ಹೇಳಿದರೆ ಅದು 4,50,000. ಹಾಗಿರುವಾಗ 2,000 ಎಂಬ ಅಂಕಿಗೆ ಕೆಂಪು ದೀಪ ಹತ್ತಿದರೆ ನೋಡಿದವರ ಎದೆ ಒಡೆಯದೇ ಇರುತ್ತದೆಯೇ? ಅದು ಮಿತಿಯ 225ನೇ ಒಂದು ಭಾಗ. ಮಿತಿಯೇ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ, ಆ ಚರ್ಚೆಗೂ ಜಾಗವಿದೆ. ಆದರೆ ದೀಪದ ಬಣ್ಣವನ್ನು ನಿರ್ಧರಿಸಿದ್ದು ಮೀಟರ್ ಮಾರಿದವರು, ವಿಜ್ಞಾನವಲ್ಲ.

‘ದೂರ’ ಎಂಬ ಅಳತೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಾನು ಓದಿದ ಬಹುತೇಕ ಸ್ಥಳೀಯ ಸಮೀಕ್ಷೆಗಳು ಎಡವುವುದು ಇಲ್ಲಿಯೇ. ಟವರಿನ ಆಂಟೆನಾ ಬಲ್ಬಿನಂತೆ ಸುತ್ತಲೂ ಸಮನಾಗಿ ಹರಡುವುದಿಲ್ಲ. ಹೆಚ್ಚಿನ ಶಕ್ತಿ ಅಡ್ಡಡ್ಡವಾಗಿ, ಕೆಲವೇ ಡಿಗ್ರಿ ಕೆಳಕ್ಕೆ ಬಾಗಿದ ತೆಳುವಾದ ಪಟ್ಟಿಯಲ್ಲಿ ಹೋಗುತ್ತದೆ. ಎತ್ತರಕ್ಕೆ ತಕ್ಕಂತೆ ಅದು ನೆಲ ಮುಟ್ಟುವುದು ಸಾಮಾನ್ಯವಾಗಿ 50ರಿಂದ 300 ಮೀಟರ್ ಆಚೆ. ಟವರಿನ ಬುಡದಲ್ಲಿರುವ ಮನೆಗೆ ಬೀಳುವುದು ಕಡಿಮೆಯೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಜೊತೆಗೆ, ಮನುಷ್ಯನ ತಲೆಗೆ ತಾಗುವ ರೇಡಿಯೋ ತರಂಗದ ದೊಡ್ಡ ಪಾಲು ಅವನ ಕಿವಿಗೆ ಒತ್ತಿಕೊಂಡಿರುವ ಅವನದೇ ಮೊಬೈಲಿನಿಂದ ಬರುತ್ತದೆ. ಸಿಗ್ನಲ್ ಕ್ಷೀಣಿಸಿದಷ್ಟೂ ಮೊಬೈಲ್ ತನ್ನ ಶಕ್ತಿಯನ್ನು ಏರಿಸಿಕೊಳ್ಳುತ್ತದೆ. ಎಂದರೆ ಟವರಿನಿಂದ ದೂರ, ದಪ್ಪ ಕಲ್ಲುಗೋಡೆಯ ಮನೆಯೊಳಗೆ ಕುಳಿತು ದಿನಕ್ಕೆ ಎರಡು ಗಂಟೆ ಮಾತನಾಡುವ ವ್ಯಾಪಾರಿಗೆ, ಟವರಿನ ಪಕ್ಕದಲ್ಲಿದ್ದು ಫೋನೇ ಮುಟ್ಟದ ಅಜ್ಜಿಗಿಂತ ಹೆಚ್ಚು ತಾಗುತ್ತಿರಬಹುದು. ಹುಡುಗಿಯ ಕೋಷ್ಟಕದಲ್ಲಿ ಅಜ್ಜಿ ‘ಹೆಚ್ಚು’ ಎಂಬ ಗುಂಪಿನಲ್ಲಿ, ವ್ಯಾಪಾರಿ ‘ಕಡಿಮೆ’ ಎಂಬ ಗುಂಪಿನಲ್ಲಿ ಇದ್ದರು.

ಸಂಜೆ ಹೊರಡುವ ಹೊತ್ತಿಗೆ ಕರೆಂಟ್ ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಓಣಿ ಒಂದು ಕ್ಷಣ ನಿಶ್ಶಬ್ದವಾಯಿತು. ಆ ಮೌನದಲ್ಲಿ ಟವರಿನ ಕಟ್ಟಡದ ಬದಿಯಿಂದ ಡೀಸೆಲ್ ಜನರೇಟರ್ ಗುಡುಗುಡು ಎಂದು ಶುರುವಾಯಿತು. ಅತ್ತೆಯ ಮಲಗುವ ಕೋಣೆಯ ಕಿಟಕಿ ನೇರ ಅದರ ಕಡೆಗೇ ಇತ್ತು.

“ರಾತ್ರಿಯೂ ಹೀಗೇ ಶುರುವಾಗುತ್ತದೆಯೇ ಅತ್ತೆ?” ಎಂದು ಹುಡುಗಿ ಕೇಳಿದಳು.

“ಕರೆಂಟ್ ಹೋದಾಗಲೆಲ್ಲ. ಅದು ನಿಂತ ಮೇಲೂ ನನಗೆ ನಿದ್ರೆ ಹತ್ತುವುದಿಲ್ಲವಮ್ಮ.”

ಇಪ್ಪತ್ತು ಪ್ರಶ್ನೆಗಳ ನಮೂನೆಯಲ್ಲಿ ಜನರೇಟರ್ ಎಂಬ ಪದವೇ ಇರಲಿಲ್ಲ. ಟವರಿನಿಂದ ನಿದ್ರೆ ಕೆಡುತ್ತದೆ ಎಂಬ ಅತ್ತೆಯ ಮಾತು ಪೂರ್ತಿ ನಿಜವಿದ್ದೂ, ಅದಕ್ಕೂ ರೇಡಿಯೋ ತರಂಗಕ್ಕೂ ಏನೂ ಸಂಬಂಧವಿಲ್ಲದೆ ಇರಬಹುದು. ಇದು ನನಗೆ ಆ ದಿನ ಹೊಳೆದ ಅತಿ ಮುಖ್ಯ ಸಂಗತಿ. ನರಳುವವರ ಮಾತನ್ನು ನಂಬುವುದು ಬೇರೆ, ಅವರು ಹೇಳುವ ಕಾರಣವನ್ನು ಪರೀಕ್ಷಿಸುವುದು ಬೇರೆ. ಮೊದಲನೆಯದಕ್ಕೆ ಗೌರವ ಕೊಡಬೇಕೆಂದರೆ ಎರಡನೆಯದನ್ನು ಮಾಡಲೇಬೇಕು.

ದೊಡ್ಡವರೂ ಎಡವಿದ ಜಾಗಗಳು

ಹಿಂದಿರುಗುವ ಬಸ್ಸಿನಲ್ಲಿ ಹುಡುಗಿ ಅಳುವಂತಾಗಿದ್ದಳು. ತಿಂಗಳುಗಟ್ಟಲೆ ಬಿಸಿಲಲ್ಲಿ ತಿರುಗಿ ಮಾಡಿದ ಕೆಲಸ. ಅವಳಿಗೆ ಸಮಾಧಾನ ಹೇಳಲೆಂದು ಅಲ್ಲ, ನಿಜವೆಂದು ಹೇಳಿದೆ: ಈ ಕ್ಷೇತ್ರದಲ್ಲಿ ಕೋಟ್ಯಂತರ ರೂಪಾಯಿ ಖರ್ಚಿನ ಅಧ್ಯಯನಗಳೂ ಇದೇ ಹಳ್ಳಗಳಿಗೆ ಬಿದ್ದು ಎದ್ದಿವೆ.

13 ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇಂಟರ್‌ಫೋನ್ ಅಧ್ಯಯನವನ್ನೇ ತೆಗೆದುಕೊಳ್ಳಿ. ಮೆದುಳಿನ ಗಡ್ಡೆ ಇರುವ ರೋಗಿಗಳನ್ನೂ ಇಲ್ಲದವರನ್ನೂ ಹಿಂದಿನ ಮೊಬೈಲ್ ಬಳಕೆಯ ಬಗ್ಗೆ ಕೇಳಲಾಯಿತು. ನಿಯಮಿತವಾಗಿ ಮೊಬೈಲ್ ಬಳಸುವವರಲ್ಲಿ, ಬಳಸದವರಿಗೆ ಹೋಲಿಸಿದರೆ, ಗ್ಲಿಯೋಮಾ ಎಂಬ ಮೆದುಳಿನ ಗಡ್ಡೆಯ ಅನುಪಾತ 0.81 ಬಂದಿತು (1 ಬಂದರೆ ವ್ಯತ್ಯಾಸವಿಲ್ಲ ಎಂದರ್ಥ). ಅಕ್ಷರಶಃ ಓದಿದರೆ ಮೊಬೈಲ್ ಗಡ್ಡೆಯಿಂದ ಕಾಪಾಡುತ್ತದೆ ಎಂದಾಗುತ್ತದೆ! ಹಾಗೆಂದು ಯಾವ ವಿವೇಕಿಯೂ ಹೇಳಲಿಲ್ಲ. ಆರೋಗ್ಯವಂತರ ಗುಂಪಿನಲ್ಲಿ ಭಾಗವಹಿಸಲು ಒಪ್ಪಿದವರು ಕಡಿಮೆ. ಒಪ್ಪದವರಲ್ಲಿ ಮೊಬೈಲ್ ಬಳಸದವರೇ ಹೆಚ್ಚಿದ್ದರೆ ಹೋಲಿಕೆ ಓರೆಯಾಗುತ್ತದೆ. ಅದೇ ಅಧ್ಯಯನದಲ್ಲಿ ಒಟ್ಟು 1,640 ಗಂಟೆಗಿಂತ ಹೆಚ್ಚು ಮಾತನಾಡಿದವರ ಗುಂಪಿನಲ್ಲಿ ಅನುಪಾತ 1.40ಕ್ಕೆ ಏರಿತು. ಆದರೆ ದಿನಕ್ಕೆ ಐದು ಗಂಟೆ ಮೀರಿ ಮಾತನಾಡಿದ್ದಾಗಿ ಹೇಳಿದವರಲ್ಲಿ ರೋಗಿಗಳೇ ಹೆಚ್ಚಿದ್ದರು. ಮೆದುಳಿನಲ್ಲಿ ಗಡ್ಡೆಯಿರುವವರು ಹತ್ತು ವರ್ಷದ ಹಿಂದಿನ ಫೋನ್ ಬಳಕೆಯನ್ನು ಹೇಗೆ ನೆನಪಿಸಿಕೊಳ್ಳುತ್ತಾರೆ? ಬನಹಟ್ಟಿಯ ನಮೂನೆಯ ಮೊದಲ ಪ್ರಶ್ನೆಯ ದೋಷವೇ ಇಲ್ಲಿ ಜಾಗತಿಕ ಮಟ್ಟದಲ್ಲಿ ಕಾಣಿಸುತ್ತದೆ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ತರಂಗಗಳನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿದಾಗ ಮನುಷ್ಯರ ಬಗೆಗಿನ ಪುರಾವೆಯನ್ನು ‘ಸೀಮಿತ’ ಎಂದು ಕರೆದದ್ದು ಇಂಥ ಕಾರಣಗಳಿಂದಲೇ. ಓಣಿಯ ಮನವಿಯಲ್ಲಿ ಆ ‘ಇರಬಹುದು’ ಎಂಬುದು ಬಿದ್ದುಹೋಗಿ ‘ಕ್ಯಾನ್ಸರ್‌ಕಾರಕ’ ಎಂಬ ಪದ ಮಾತ್ರ ಉಳಿದಿತ್ತು.

ನೆನಪನ್ನು ನಂಬದೆ ದಾಖಲೆಗಳನ್ನೇ ನಂಬಿದ ಡೆನ್ಮಾರ್ಕಿನ ಅಧ್ಯಯನಕ್ಕೆ ಬೇರೆ ತೊಡಕು. ಅಲ್ಲಿ 1982ರಿಂದ 1995ರವರೆಗಿನ ಸುಮಾರು 4,20,000 ಚಂದಾದಾರರನ್ನು ಹಿಂಬಾಲಿಸಿದರು. ಆದರೆ ಕಂಪನಿಯ ಹೆಸರಿನಲ್ಲಿ ಸಂಪರ್ಕವಿದ್ದವರು ಯಾರೆಂದು ಗೊತ್ತಾಗದೆ ಅವರನ್ನು ಬಿಡಬೇಕಾಯಿತು. ಆ ಕಾಲದಲ್ಲಿ ಅತಿ ಹೆಚ್ಚು ಮಾತನಾಡುತ್ತಿದ್ದವರು ಅವರೇ, ಮತ್ತು ಅವರು ಸೇರಿಕೊಂಡದ್ದು ‘ಬಳಸದವರ’ ಲೆಕ್ಕಕ್ಕೆ. ಅಜ್ಜಿ ಮತ್ತು ವ್ಯಾಪಾರಿಯ ಕಥೆಯೇ ಇದು.

ಪ್ರಾಣಿ ಪ್ರಯೋಗಗಳೂ ನೇರ ಉತ್ತರ ಕೊಡುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2018ರಲ್ಲಿ ಇಲಿಗಳ ಮೇಲಿನ ಅಂತಿಮ ವರದಿ ಕೊಟ್ಟಿತು. ದಿನಕ್ಕೆ ಒಟ್ಟು ಒಂಬತ್ತು ಗಂಟೆಯಂತೆ ಎರಡು ವರ್ಷ, ಇಡೀ ದೇಹಕ್ಕೆ ತೀವ್ರ ತರಂಗ. ಗಂಡು ಇಲಿಗಳ ಹೃದಯದಲ್ಲಿ ಒಂದು ಬಗೆಯ ಗಡ್ಡೆಗೆ ಸ್ಪಷ್ಟ ಪುರಾವೆ ಸಿಕ್ಕಿತು. ಹೆಣ್ಣು ಇಲಿಗಳಲ್ಲಿ ಹಾಗಾಗಲಿಲ್ಲ. ತರಂಗ ತಾಗಿದ ಗಂಡು ಇಲಿಗಳು ತಾಗದವುಗಳಿಗಿಂತ ಹೆಚ್ಚು ಕಾಲ ಬದುಕಿದವು. ಬೇಗ ಸತ್ತ ಇಲಿಗಳಿಗೆ ಮುಪ್ಪಿನ ಗಡ್ಡೆ ಬರಲು ಸಮಯವೇ ಇರಲಿಲ್ಲವೇ? ಇದನ್ನು ತಳ್ಳಿಹಾಕುವುದೂ ತಪ್ಪು, ಓಣಿಯ ಟವರಿಗೆ ನೇರವಾಗಿ ಅಂಟಿಸುವುದೂ ತಪ್ಪು.

ಬನಹಟ್ಟಿಯ ಪ್ರಕರಣಕ್ಕೆ ಅತಿ ಹತ್ತಿರವಾದ ಪುರಾವೆ ಬೇರೆಯದು. ತಮಗೆ ತರಂಗಗಳು ತಾಗಿದರೆ ಗೊತ್ತಾಗುತ್ತದೆ, ತಲೆನೋವು ಬರುತ್ತದೆ ಎನ್ನುವವರನ್ನು ಪ್ರಯೋಗಾಲಯದಲ್ಲಿ ಕೂರಿಸಿ ಒಮ್ಮೆ ನಿಜವಾದ ತರಂಗ, ಒಮ್ಮೆ ಹುಸಿ ತರಂಗ ಕೊಡುತ್ತಾರೆ. ಯಾವುದು ಯಾವಾಗ ಎಂದು ಅವರಿಗೂ ಗೊತ್ತಿರುವುದಿಲ್ಲ, ಪ್ರಯೋಗ ನಡೆಸುವವರಿಗೂ ಗೊತ್ತಿರುವುದಿಲ್ಲ. ಇಂಥ 46 ಪ್ರಯೋಗಗಳನ್ನು, ಒಟ್ಟು 1,175 ಜನರನ್ನು ಒಳಗೊಂಡ ಪರಿಶೀಲನೆಯೊಂದು 2010ರಲ್ಲಿ ಪ್ರಕಟವಾಯಿತು. ತರಂಗವೇ ಕಾರಣ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಹುಸಿ ತರಂಗಕ್ಕೂ ಜನರಿಗೆ ನಿಜವಾಗಿ ತಲೆನೋವು ಬರುತ್ತಿತ್ತು. ‘ಮನಸ್ಸಿನ ಭ್ರಮೆ’ ಎಂದು ಇದನ್ನು ಕಡೆಗಣಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಭಯದಿಂದ ಬಂದ ತಲೆನೋವೂ ತಲೆನೋವೇ, ರಾತ್ರಿ ಎಚ್ಚರವಾಗಿಸುತ್ತದೆ, ಮಾತ್ರೆ ನುಂಗಿಸುತ್ತದೆ. ಹಾಗಿದ್ದರೆ ಭಯ ಹುಟ್ಟಿಸುವ ಕಳಪೆ ಸಮೀಕ್ಷೆಯೂ ತಲೆನೋವಿನ ಒಂದು ಕಾರಣವಾಗಬಲ್ಲದು. ನಾನು ಸಹಿ ಹಾಕದಿರಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯ ಮೇಲೆ ನಡೆದು 2024ರಲ್ಲಿ ಬಂದ ಪರಿಶೀಲನೆ 63 ಅಧ್ಯಯನಗಳನ್ನು ಒರೆಗೆ ಹಚ್ಚಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣುತ್ತಿಲ್ಲ ಎಂದಿತು. ಅದು ಎಲ್ಲ ಅಧ್ಯಯನಗಳಿಗೂ ಒಂದೇ ತೂಕ ಕೊಡಲಿಲ್ಲ. ಪ್ರತಿಯೊಂದನ್ನೂ ಪಕ್ಷಪಾತ ಎಲ್ಲಿಂದ ನುಸುಳಬಹುದು ಎಂದು ತಪಾಸಣೆ ಮಾಡಿ ತೂಗಿತು. ಎಷ್ಟು ಅಧ್ಯಯನಗಳು ಆ ಕಡೆ, ಎಷ್ಟು ಈ ಕಡೆ ಎಂದು ತಲೆ ಎಣಿಸುವುದರಲ್ಲಿ ಅರ್ಥವಿಲ್ಲ.

ಕಾಕಾ ಕೇಳಿದ ಪ್ರಶ್ನೆ

ಎರಡು ವಾರದ ನಂತರ ಓಣಿಯ ಹಿರಿಯರೆದುರು ಎಲ್ಲವನ್ನೂ ಹೇಳಿದೆವು. ದೇವಸ್ಥಾನದ ಕಟ್ಟೆಯ ಮೇಲೆ ಮೂವತ್ತು-ನಲವತ್ತು ಜನ ಸೇರಿದ್ದರು. ಎಲ್ಲರೂ ಕಾಕಾ ಎಂದು ಕರೆಯುವ, ಮಗ್ಗದ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಕೊನೆಯವರೆಗೂ ಸುಮ್ಮನೆ ಕೇಳಿ ಒಂದೇ ಪ್ರಶ್ನೆ ಹಾಕಿದರು.

“ಮಾಸ್ತರರೇ, ನಿಮಗೆ ಕಂಪನಿಯವರು ಏನಾದರೂ ಕೊಟ್ಟಿದ್ದಾರೆಯೇ?”

ಹುಡುಗಿಯ ಮುಖ ಕೆಂಪಾಯಿತು. ನನಗೆ ಬೇಸರವಾಗಲಿಲ್ಲ. ಅದು ಕೇಳಲೇಬೇಕಾದ ಪ್ರಶ್ನೆ. 2007ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಮೊಬೈಲ್ ತರಂಗಗಳ ಪರಿಣಾಮ ಪರೀಕ್ಷಿಸಿದ 59 ಪ್ರಯೋಗಗಳನ್ನು ಹಣ ಕೊಟ್ಟವರ ಪ್ರಕಾರ ವಿಂಗಡಿಸಿ ನೋಡಿದ್ದರು. ಉದ್ಯಮವೊಂದೇ ಹಣ ಕೊಟ್ಟ ಪ್ರಯೋಗಗಳಲ್ಲಿ ‘ಪರಿಣಾಮವಿದೆ’ ಎಂಬ ಫಲಿತಾಂಶ ಬರುವ ಸಂಭವ ಅತಿ ಕಡಿಮೆಯಿತ್ತು. ಇದನ್ನು ಕಟ್ಟೆಯ ಮೇಲೆ ಹಾಗೆಯೇ ಹೇಳಿದೆ. ನಾನು ಒಂದು ರೂಪಾಯಿಯನ್ನೂ ಪಡೆದಿಲ್ಲ ಎಂದೆ. ಆಮೇಲೆ ಇನ್ನೊಂದು ಮಾತನ್ನೂ ಸೇರಿಸಿದೆ: ಈ ಸಮೀಕ್ಷೆಯ ಪ್ರಶ್ನೆಗಳನ್ನು ಸಿದ್ಧಪಡಿಸಿದವಳು ಇದೇ ಓಣಿಯ ಅತ್ತೆಯ ಮನೆಯಲ್ಲಿ ಉಂಡು, ಮನವಿ ಗೆಲ್ಲಲಿ ಎಂದು ಹಾರೈಸಿ ಸಿದ್ಧಪಡಿಸಿದ್ದಾಳೆ. ಹಣಕ್ಕೆ ಮಾತ್ರವಲ್ಲ, ಪ್ರೀತಿಗೂ ಅಂಕಿಯನ್ನು ಬಾಗಿಸುವ ಬಲವಿದೆ.

ಕಾಕಾ ಸ್ವಲ್ಪ ಹೊತ್ತು ಯೋಚಿಸಿ, “ಹಾಸಿನಲ್ಲಿ ಎಳೆ ತಪ್ಪಿದ್ದರೆ ಹೊಕ್ಕಿನಲ್ಲಿ ಸರಿ ಮಾಡಲು ಬರುವುದಿಲ್ಲ. ಬಿಚ್ಚಿ ಮತ್ತೆ ಹೂಡಬೇಕು” ಎಂದರು. ನಾನು ತರಗತಿಯಲ್ಲಿ ಒಂದು ಗಂಟೆ ಹೇಳುವುದನ್ನು ಅವರು ಎರಡು ವಾಕ್ಯದಲ್ಲಿ ಹೇಳಿದ್ದರು. ವಿನ್ಯಾಸದ ದೋಷವನ್ನು ವಿಶ್ಲೇಷಣೆ ತೊಳೆಯಲಾರದು.

ಬಿಚ್ಚಿ ಹೂಡಿದ್ದು ಹೀಗೆ. ಹಳೆಯ ನಮೂನೆಗಳನ್ನು ಎಸೆಯಲಿಲ್ಲ, ಪೂರ್ವಸಿದ್ಧತೆಯ ಕೆಲಸ ಎಂದು ಬದಿಗಿಟ್ಟೆವು. ಹೊಸ ನಮೂನೆಯ ಶೀರ್ಷಿಕೆ ‘ಓಣಿಯ ಆರೋಗ್ಯ ಮತ್ತು ನಿದ್ರೆ’. ಟವರಿನ ಹೆಸರು ಕೊನೆಯ ಪುಟದವರೆಗೂ ಬರುವುದಿಲ್ಲ. ಮುಖ್ಯ ಪ್ರಶ್ನೆ ಒಂದೇ, ನಿದ್ರೆಯದು. ಅದನ್ನು ಕೇಳಲು 1989ರಿಂದ ಬಳಕೆಯಲ್ಲಿರುವ ಪಿಟ್ಸ್‌ಬರ್ಗ್ ನಿದ್ರಾ ಸೂಚ್ಯಂಕವನ್ನು ಆರಿಸಿಕೊಂಡೆವು. ಅದು ‘ಟವರ್ ಬಂದ ಮೇಲೆ’ ಎಂದು ಕೇಳುವುದಿಲ್ಲ, ಕಳೆದ ಒಂದು ತಿಂಗಳಲ್ಲಿ ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ ಎಂದು ಕೇಳುತ್ತದೆ. ಉಳಿದ ತೊಂದರೆಗಳನ್ನೂ ಕೇಳುತ್ತೇವೆ, ಆದರೆ ಅವುಗಳಲ್ಲಿ ಏನು ಸಿಕ್ಕರೂ ಸಿಗದಿದ್ದರೂ ಎಲ್ಲವನ್ನೂ ಬರೆಯುತ್ತೇವೆ.

ಮನೆಗಳನ್ನು ನಾವು ಆರಿಸುವುದಿಲ್ಲ. ತೆರಿಗೆ ಪಟ್ಟಿಯಿಂದ ಯಾದೃಚ್ಛಿಕವಾಗಿ ಎತ್ತುತ್ತೇವೆ, ಬಾಗಿಲು ತೆರೆಯದಿದ್ದರೆ ಮೂರು ಸಲ ಹೋಗುತ್ತೇವೆ, ಒಪ್ಪದವರ ಲೆಕ್ಕವನ್ನೂ ಇಡುತ್ತೇವೆ. ಮಗ್ಗವಿದೆಯೇ, ಎಷ್ಟಿವೆ, ರಾತ್ರಿ ಪಾಳಿ ಇದೆಯೇ, ಕೋಣೆಯ ಕಿಟಕಿ ಯಾವ ಕಡೆ, ಮೊಬೈಲಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಮಾತು, ಎಲ್ಲವೂ ನಮೂನೆಯಲ್ಲಿವೆ. ತರಂಗದ ಅಳತೆ ಮಲಗುವ ಜಾಗದಲ್ಲಿ, ಮೂರೂ ದಿಕ್ಕು ಓದುವ, ಯಾವ ತರಂಗ ಎಲ್ಲಿಂದ ಎಂದು ಬೇರ್ಪಡಿಸುವ ಉಪಕರಣದಿಂದ. ಅಳೆಯುವವರಿಗೆ ಆ ಮನೆಯವರ ಉತ್ತರ ಗೊತ್ತಿರಬಾರದು, ಪ್ರಶ್ನೆ ಕೇಳುವವರಿಗೆ ಅಳತೆ ಗೊತ್ತಿರಬಾರದು. ಟವರನ್ನು ಜನರ ಕಣ್ಣಿನಿಂದ ಮರೆಮಾಡಲು ಸಾಧ್ಯವಿಲ್ಲ, ಅದಕ್ಕೇ ಕೊನೆಯ ಪುಟದಲ್ಲಿ ಅದರ ಬಗ್ಗೆ ಎಷ್ಟು ಆತಂಕವಿದೆ ಎಂದು ನೇರವಾಗಿ ಕೇಳುತ್ತೇವೆ. ಆತಂಕದ ಜೊತೆ ನಿದ್ರೆ ಕೆಡುತ್ತದೆಯೋ, ಅಳತೆಯ ಜೊತೆ ಕೆಡುತ್ತದೆಯೋ ಎಂದು ಆಗ ಬೇರೆಬೇರೆಯಾಗಿ ನೋಡಬಹುದು. ವಿಶ್ಲೇಷಣೆ ಹೇಗೆ ಎಂಬುದನ್ನು ಮೊದಲ ಮನೆಗೆ ಹೋಗುವ ಮುಂಚೆಯೇ ಬರೆದು ನೈತಿಕ ಸಮಿತಿಗೆ ಕೊಟ್ಟಿದ್ದೇವೆ. 2007ರಿಂದ ನಡೆಯುತ್ತಿರುವ ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲೂ ದಾಖಲಿಸಲು ಹುಡುಗಿ ಕಾಗದಪತ್ರ ಸಿದ್ಧಪಡಿಸಿದ್ದಾಳೆ. ಮುಂದೆ ನಮಗೇ ಮನಸ್ಸು ಬದಲಾದರೂ ಪ್ರಶ್ನೆ ಬದಲಾಗಬಾರದು.

ಇಷ್ಟಕ್ಕೆಲ್ಲ ಸಮಯ ಬೇಕು. ಓಣಿಯವರಿಗೆ ಅಷ್ಟು ದಿನ ಕಾಯಿರಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಅದಕ್ಕೆ ಮನವಿಯನ್ನು ಎರಡು ಭಾಗ ಮಾಡಲು ಸೂಚಿಸಿದೆ. ಜನರೇಟರಿನ ದೂರಿಗೆ ಯಾವ ಸಂಶೋಧನೆಯೂ ಬೇಕಾಗಿಲ್ಲ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಅದನ್ನು ಈಗಲೇ ಕೊಡಬಹುದು. ತರಂಗದ ಮಟ್ಟ ಅಳೆಯಿರಿ ಎಂಬ ಕೋರಿಕೆಗೂ ದಾರಿಯಿದೆ. ದೂರಸಂಪರ್ಕ ಇಲಾಖೆ 2017ರಲ್ಲಿ ತೆರೆದ ತರಂಗ್ ಸಂಚಾರ್ ಜಾಲತಾಣದಲ್ಲಿ ಶುಲ್ಕ ಕಟ್ಟಿ ಟವರಿನ ಅಳತೆಗೆ ಅರ್ಜಿ ಹಾಕಬಹುದು. ಆರೋಗ್ಯದ ಮಾತನ್ನು ಮಾತ್ರ ಅಧ್ಯಯನ ಮುಗಿಯುವವರೆಗೆ ತಡೆಹಿಡಿಯಿರಿ ಎಂದೆ. ಕೆಲವರು ಎದ್ದು ಹೋದರು. ಹೋದವರ ಮೇಲೆ ನನಗೆ ದೂರಿಲ್ಲ.

ಕಳೆದ ತಿಂಗಳು ಹೊಸ ನಮೂನೆಯನ್ನು ಪ್ರಯೋಗಕ್ಕೆಂದು ನಾಲ್ಕಾರು ಮನೆಗಳಲ್ಲಿ ಕೇಳಿದೆವು. ಕಾಕಾ ತಮ್ಮ ಮನೆಗೂ ಬರಬೇಕೆಂದು ಹಠ ಹಿಡಿದರು. ಅವರ ಗೋಡೆಯ ಮೇಲೆ ತಾರೀಖಿನ ಚೌಕಗಳು ದೊಡ್ಡದಾಗಿರುವ ಕ್ಯಾಲೆಂಡರ್ ತೂಗುತ್ತಿತ್ತು. ಕಟ್ಟೆಯ ಸಭೆಯ ಮರುದಿನದಿಂದ ಅವರು ಪ್ರತಿ ಚೌಕದಲ್ಲಿ ಪೆನ್ಸಿಲಿನಿಂದ ಎರಡು ಗಂಟೆಗಳನ್ನು ಬರೆಯುತ್ತಾ ಬಂದಿದ್ದರು. ಮೇಲೆ ಜನರೇಟರ್ ಶುರುವಾದ ಗಂಟೆ, ಕೆಳಗೆ ತಮಗೆ ಎಚ್ಚರವಾದ ಗಂಟೆ. ಹುಡುಗಿ ಹತ್ತಿರ ಹೋಗಿ ಬೆರಳಿಟ್ಟು ಒಂದೊಂದೇ ಚೌಕ ಓದಿದಳು. ಹಲವು ರಾತ್ರಿಗಳಲ್ಲಿ ಎರಡೂ ಗಂಟೆಗಳು ಅಕ್ಕಪಕ್ಕದಲ್ಲೇ ಇದ್ದವು. ಕೆಲವು ಚೌಕಗಳಲ್ಲಿ ಮೇಲಿನ ಜಾಗ ಖಾಲಿಯಿತ್ತು, ಕೆಳಗಿನದು ಮಾತ್ರ ಇತ್ತು.

“ಇವು ಯಾಕೆ ಕಾಕಾ?” ಎಂದು ಅವಳು ಕೇಳಿದಳು.

“ಗೊತ್ತಿಲ್ಲ ತಂಗಿ. ಗೊತ್ತಿಲ್ಲದ್ದನ್ನೂ ಬರೆಯಬೇಕು ಎಂದು ನಿಮ್ಮ ಮಾಸ್ತರರು ಹೇಳಿದ್ದರಲ್ಲ.”